ಆಲಿವ್ ಹೂವಿನ ಮುಖ

ಸ್ಫಾಕ್ಸ್, ೧೪ ಮೇ ೧೯೮೭, ಗುರುವಾರ.

ಆಲಿವ್ ಹೂವನ್ನು ತೆಗೆದ ಮೊದಲ ರೀಲಿನ ಮೂವತ್ತಾರು ಚಿತ್ರಗಳೂ ಮಸುಕಾಗಿದ್ದ ಅವಮಾನ ಇಂದು ತೀರಿತು. ಅಂದು ಫೋಟೋ ಸ್ಟುಡಿಯೋದ ಲಮ್ಜದ್, ನನ್ನ ಹಳೆಯ ವಿದ್ಯಾರ್ಥಿಯೇ, ಗಿರಾಕಿಗಳೆದುರೇ ನಕ್ಕಿದ್ದ: "ಮೇಷ್ಟ್ರೇ, ಇದು ಹೂವೋ, ಹೊಗೆಯೋ? ಸುಮ್ನೆ ಮೊಮ್ಮಕ್ಕಳ ಫೋಟೋ ತೆಗೀರಿ."

ತಪ್ಪು ನನ್ನದೇ. ಅಷ್ಟು ಹತ್ತಿರದಿಂದ ತೆಗೆಯುವಾಗ ಲೆನ್ಸಿನ ಉಂಗುರವನ್ನು ತಿರುಗಿಸುತ್ತಿರಬಾರದು. ಉಸಿರು ಬಿಗಿಹಿಡಿದು ನಾವೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಬೇಕು. ಎರಡನೆಯ ರೀಲಿನಲ್ಲಿ ಹಾಗೆಯೇ ಮಾಡಿದೆ. ಆದರೂ ಸಮುದ್ರದ ಗಾಳಿ ರೆಂಬೆಯನ್ನು ನಿಲ್ಲಗೊಡಲಿಲ್ಲ. ಕೊನೆಗೆ ಹೆಂಡತಿ ಜಕಿಯಾ ತಾನು ಹೊದ್ದಿದ್ದ ಬಿಳಿಯ ಸಫ್ಸಾರಿಯನ್ನೇ ತೆಗೆದು ಗಾಳಿಗೆ ಅಡ್ಡ ಹಿಡಿದಳು.

"ಬೇಗ ರೀ! ಮದುವೆ ದಿನಾನೂ ನಾನು ಇಷ್ಟು ಹೊತ್ತು ಅಲ್ಲಾಡದೆ ಇರ್ಲಿಲ್ಲ."

ಇಂದು ಚಿತ್ರ ಕೈಸೇರಿತು. ಬೇಳೆಕಾಳಿನಷ್ಟು ಹೂವು ಅಂಗೈಯಗಲ ಅರಳಿದೆ: ನಾಲ್ಕು ಎಸಳು, ಎರಡು ಕೇಸರ, ಅವುಗಳ ಮೇಲಿನ ಪರಾಗದ ಹುಡಿಯೂ ಸ್ಪಷ್ಟ. ಲಮ್ಜದ್ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಮೇಷ್ಟ್ರೇ, ಇದನ್ನ ದೊಡ್ಡದು ಮಾಡಿ ಅಂಗಡಿ ಕಿಟಕೀಲಿ ಹಾಕ್ತೀನಿ. ಅಲ್ಲಿರೋ ಮದುಮಗಳ ಫೋಟೋ ಒಳಗೆ ಹೋಗ್ಲಿ."

ಅರವತ್ತು ವರ್ಷ ಈ ಮರಗಳ ಎಣ್ಣೆಯನ್ನು ಉಂಡಿದ್ದೇನೆ. ಅವುಗಳ ಹೂವಿನ ಮುಖವನ್ನು ಕಂಡದ್ದು ಇಂದೇ. ಇನ್ನೊಮ್ಮೆ ನೋಡೋಣವೆಂದರೆ ಜಕಿಯಾ ಚಿತ್ರವನ್ನು ಕೊಡುತ್ತಲೇ ಇಲ್ಲ.