ಅಜ್ಜ ಸೂರಿನ ಹತ್ತಿರ ಇದ್ದಾರೆ

ಅಕ್ಕಾ, ಅಜ್ಜ ಮಂಚದ ಸಮೇತ ಸೂರಿನ ಹತ್ತಿರ ತೇಲುತ್ತಿದ್ದಾರೆ, ಗಾಬರಿಯಾಗಬೇಡ. ಕೋಟೆ ಬಾಗಿಲು ಎತ್ತುವ ಮಂತ್ರವನ್ನು ಮನೆಯಲ್ಲೇ ಒಮ್ಮೆ ಹೇಳಿ ನೋಡಿದೆ. ನನ್ನ ಶಕ್ತಿಗೆ ಇಡೀ ಊರೇ ಒಂದು ಗೇಣು ಮೇಲೆದ್ದು ಕೂತಿತು.

ಮಂಚಕ್ಕೆ ಕಟ್ಟಿದ ಹಗ್ಗ ಬಿಚ್ಚಬೇಡ. ಹಸಿವೆಂದರೆ ಬಾಳೆಹಣ್ಣನ್ನು ಕೋಲಿಗೆ ಸಿಕ್ಕಿಸಿ ಕೊಡು. "ಇಳಿಸಬೇಡ ಮಗಾ, ಇಲ್ಲಿ ಸೊಳ್ಳೆ ಇಲ್ಲ" ಅಂದಿದ್ದಾರೆ.

ಮಂತ್ರ ಹಾಕಿ ಮಡಕೆ ಹಾರಿಸಿದ ತಪ್ಪಿಗೆ ಕುಂಬಾರರ ಹುಡುಗಿಯ ನಾಲಿಗೆಯನ್ನು ನಾಳೆ ಕೋಟೆಯಲ್ಲಿ ಕತ್ತರಿಸುತ್ತಾರಂತೆ. ಅವಳನ್ನು ಬಿಡಿಸಿಕೊಂಡು ಬರಲು ಗೆಳೆಯರೆಲ್ಲ ಹೊರಟಿದ್ದೇವೆ. ಸಾವಿರ ಕಾವಲುಗಾರರಿದ್ದರೂ ನಾನು ಒಮ್ಮೆ ಉಫ್ ಎಂದರೆ ಸಾಕು. ಆದರೆ ಅವಳ ಸರಪಳಿಯನ್ನು ಮಂತ್ರದಿಂದ ಎತ್ತಿದರೆ ಅವಳೂ ಮೇಲೆ ಹೋಗುತ್ತಾಳೆ, ಅದನ್ನು ಕರಗಿಸಬೇಕು.

ನೀನು ಒಲೆ ಹಚ್ಚದೆ ಹಾಲು ಕಾಯಿಸುವುದನ್ನು ಎಂದೋ ನೋಡಿದ್ದೇನೆ, ಯಾರಿಗೂ ಹೇಳಿಲ್ಲ. ಕೋಟೆಯ ಹಿಂಬಾಗಿಲಲ್ಲಿ ಕಾಯುತ್ತಿರುತ್ತೇವೆ, ಬಾರೇ ಅಕ್ಕ.

ನಿನ್ನ ಮಹಾಮಾಂತ್ರಿಕ ತಮ್ಮ