ಜೋಳದ ಹಿಟ್ಟಿನ ಬೆಂಕಿ

ಕಮಲಾಪುರ

ಯಶವಂತ ಅವರಿಗೆ ನಮಸ್ಕಾರ.

ನಿಮ್ಮ ಸಿನಿಮಾದಲ್ಲಿ ಅಂತರಿಕ್ಷ ನೌಕೆ ಸಿಡಿಯುವ ದೃಶ್ಯವನ್ನು ಈಗ ಕಂಪ್ಯೂಟರಿನಲ್ಲಿ ಮಾಡಿಸುತ್ತಿದ್ದೀರಿ ಎಂದು ನಿಮ್ಮ ಕ್ಯಾಮೆರಾದವರು ಹೇಳಿದರು. ನಮ್ಮ ಮನೆಯವರು ಕಲಬುರಗಿ ಪಕ್ಕದ ಕಪನೂರಿನ ಶೆಡ್ಡಿನಲ್ಲಿ ಪೈಪಿನ ಮಾದರಿ ನೌಕೆ ಕಟ್ಟಿ ಸಿಡಿಸಿದಾಗ ಅವರ ಕೈ ಚಿತ್ರದ ಮೂಲೆಯಲ್ಲಿ ಬಂದುಬಿಟ್ಟಿದೆಯಂತೆ.

ಹಾರುವ ಹಿಟ್ಟಿಗೆ ಕಿಡಿ ತಾಕಿದರೆ ದೊಡ್ಡ ಬೆಂಕಿ ಕಾಣುತ್ತದೆ ಎಂದು ಅವರು ನನ್ನಿಂದ ಜೋಳದ ಹಿಟ್ಟನ್ನು ಮೂರು ಸಲ ಜರಡಿ ಹಿಡಿಸಿದ್ದರು.

“ರೊಟ್ಟಿಗೂ ಇಷ್ಟು ಸಣ್ಣ ಸಾಣಿಸಿಲ್ರೀ ನಾ,” ಅಂದೆ.

“ರೊಟ್ಟಿ ಹರದ್ರ ಮತ್ತೊಂದು ಬಡೀತಿ. ಇದು ಒಮ್ಮೆ ಸಿಡದ್ರ ಮುಗೀತು,” ಅಂದು ನಕ್ಕರು.

ಅದಾದ ಇಪ್ಪತ್ತು ದಿನಕ್ಕೆ ಕಲಬುರಗಿಯಲ್ಲೇ ಅವರಿಗೆ ಎದೆನೋವು ಬಂತು. ನಾನು ಇಲ್ಲಿಂದ ಸೇಡಂ ರಸ್ತೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರ ಕೈ ತಣ್ಣಗಾಗಿತ್ತು.

ಸಿನಿಮಾಕ್ಕೆ ಕಂಪ್ಯೂಟರಿನ ಬೆಂಕಿಯನ್ನೇ ಹಾಕಿಕೊಳ್ಳಿ, ನನ್ನ ತಕರಾರಿಲ್ಲ. ಅವರು ಸಿಡಿಸಿದ ಹಳೆಯ ದೃಶ್ಯವನ್ನು ಮಾತ್ರ ಅಳಿಸಬೇಡಿ. ಈ ಕಾಗದದ ಜೊತೆ ಪೆನ್‌ಡ್ರೈವ್ ಇಟ್ಟಿದ್ದೇನೆ, ಅದಕ್ಕೆ ಹಾಕಿಕೊಡಿ. ಸ್ಲೋ ಮೋಷನ್ನಿನಲ್ಲಿ ತೆಗೆದದ್ದರಿಂದ ಆ ಕೈ ಹಿಂದೆ ಸರಿಯಲು ಹನ್ನೊಂದು ಸೆಕೆಂಡು ಹಿಡಿಯುತ್ತದಂತೆ. ಅಷ್ಟು ಹೊತ್ತು ಅದು ಆಡುವುದನ್ನು ನಾನು ನೋಡಬೇಕು.

ನಿಮ್ಮ ದೇವಾನಂದ ಅವರ ಮನೆಯವಳು,
ಭಾಗ್ಯಜ್ಯೋತಿ