ಬರಿಗಾಲಲ್ಲಿ ಹುಲ್ಲಹಳ್ಳಿಗೆ

ಅಮ್ಮಾ,

ನಿನ್ನೆ ನನ್ನ ಓಟದ ಶೂಗಳನ್ನು ನೀನು ಹಂಡೆ ಒಲೆಗೆ ಹಾಕಿದೆ.

ಹುಲ್ಲಹಳ್ಳಿಯ ಪಂದ್ಯಕ್ಕೆ ಮೊದಲ ಬಸ್ಸಿಗೇ ಹೊರಟಿದ್ದೇನೆ. ಬರಿಗಾಲಲ್ಲೇ ಓಡುತ್ತೇನೆ.

ಒಲೆಯ ಬೂದಿ ತೆಗೆಯುವಾಗ ಜೋಪಾನ, ಶೂ ದಾರದ ತೂತಿಗಿದ್ದ ತಗಡಿನ ಬಳೆಗಳು ಕೈಗೆ ಚುಚ್ಚಿಯಾವು.

ಹೊರಗಾಗಿರುವವಳು ಅಡುಗೆಮನೆಗೆ ಕಾಲಿಟ್ಟಿಲ್ಲ, ಹೆದರಬೇಡ. ಈ ಚೀಟಿಯನ್ನೂ ಹಿತ್ತಿಲ ಕಟ್ಟೆಯ ಮೇಲೆ ಕಲ್ಲಿಟ್ಟು ಬಿಟ್ಟಿದ್ದೇನೆ. ನೀನು ಮುಟ್ಟದೆ ಬಗ್ಗಿ ಓದಲೆಂದು ಅಕ್ಷರ ದಪ್ಪಗೆ ಬರೆದಿದ್ದೇನೆ.

ಅಪ್ಪ ಕೇಳಿದರೆ ನಿಜವನ್ನೇ ಹೇಳು.

"ಮೂರು ದಿನ ತೆಪ್ಪಗೆ ಕೂತ್ಕೊಳ್ಳೇ, ಓಡಿದ್ರೆ ಗರ್ಭಕೋಶ ಜಾರಿಬಿಡತ್ತೆ" ಅಂದೆಯಲ್ಲ, ನಮ್ಮ ಗದ್ದೆಯಲ್ಲಿ ದಿನವಿಡೀ ಬಗ್ಗಿ ನಾಟಿ ಹಾಕುವ ಮರಿತಾಯಮ್ಮನಿಗೆ ಆ ಮಾತನ್ನು ಒಮ್ಮೆಯಾದರೂ ಹೇಳಿದ್ದೀಯಾ?

ಹೋದ ತಿಂಗಳು ನಾಲೆ ಏರಿಯ ಮೇಲೆ ಓಡಿ ಬಂದಾಗ ನೀನೇ ನನ್ನ ಮೀನಖಂಡಕ್ಕೆ ಹರಳೆಣ್ಣೆ ತಿಕ್ಕಿದ್ದೆ. ಇವತ್ತು ಗೆದ್ದರೂ ಸೋತರೂ ನನಗೆ ಬೇಕಾದದ್ದು ಆ ಕೈ. ಈ ಮೂರು ದಿನ ಅದು ಎಷ್ಟು ದೂರ ಹೋಗಿಬಿಡುತ್ತದಮ್ಮ!

ಎಣ್ಣೆ ಬೆಚ್ಚಗೆ ಮಾಡಿಡು.

ಸಂಜೆ "ಹಿತ್ತಿಲಿಂದ ಬಾರೇ" ಎನ್ನುತ್ತೀಯ. ಬರುವುದಿಲ್ಲ. ನೀನು ಬಂದು ಕೈ ಹಿಡಿಯುವವರೆಗೂ ಮುಂಬಾಗಿಲಲ್ಲೇ ನಿಂತಿರುತ್ತೇನೆ.

ಚಂಪಕ